ಹಿತ್ತಲಿಗೆ ಬಿಟ್ಟ ಜೇಡ

"ಬ್ರಾಹ್ಮಿ, ಹಿಂದ ಸರಿ," ಎನ್ನುತ್ತ ತಾರಾಬಾಯಿ ಚಪ್ಪಲಿ ಎತ್ತಿದರು. ತೀರಿಹೋದ ಗಂಡನ ಕಂಬಳಿ ಮಡಚುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಕಂಬಳಿಯ ಮೇಲೊಂದು ಕಂದು ಜೇಡ ಕೂತಿತ್ತು.

ಸೋಸದೆ ನೀರು ಕುಡಿಯದ, ಇರುವೆಯನ್ನೂ ತುಳಿಯದ ಅತ್ತೆ ಹೋದ ತಿಂಗಳು ಇಂಥದ್ದನ್ನೇ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬಂದಿದ್ದರು. ಮರುದಿನವೇ ಅವರ ಮಗ ಶ್ರೇಣಿಕನ ತೊಡೆಗೆ ಜೇಡ ಕಚ್ಚಿತು. ಕಚ್ಚಿದಲ್ಲಿ ಮಾಂಸ ಕಪ್ಪಾಗಿ ಕೊಳೆಯಿತು, ನಂಜು ರಕ್ತಕ್ಕೇರಿತು. ಚಿಕ್ಕೋಡಿಯ ಆಸ್ಪತ್ರೆಗೆ ಹೋದವನು ಊರಾದ ದಿಗ್ಗೇವಾಡಿಗೆ ಹೆಣವಾಗಿ ಬಂದ.

ಚಪ್ಪಲಿಯ ಏಟಿಗೆ ಜೇಡ ಕಂಬಳಿಗೆ ಅಂಟಿಕೊಂಡಿತು.

"ಅವತ್ತ ನಾ ಬಿಟ್ಟಿದ್ದು ಇದ ಅಲ್ಲೇನವಾ? ಶ್ರೇಣಿಕಗ ಕಡದದ್ದು?"

ಬ್ರಾಹ್ಮಿಗೆ ಎಲ್ಲ ಜೇಡಗಳೂ ಒಂದೇ ಥರ ಕಾಣುತ್ತಿದ್ದವು.

"ಹೌದ್ರಿ ಅತ್ತಿ, ಇದ," ಎಂದಳು.

ತಾರಾಬಾಯಿ ಸತ್ತ ಜೇಡಕ್ಕೆ ಮತ್ತೆ ಹೊಡೆಯತೊಡಗಿದರು.