ತಾನೇ ಸರಿದ ಬಾಣ

ಚಿಕ್ಕಂದಿನಲ್ಲಿ ನಮ್ಮ ಮನೆಯ ರೇಡಿಯೋ ಬಿಸಿಯೇರಿದರೆ ಸುಟ್ಟ ಧೂಳಿನ ವಾಸನೆ ಬರುತ್ತಿತ್ತು. ನಮ್ಮ ಊರಿನ ಪುಟ್ಟ ಬಾನುಲಿ ಕೇಂದ್ರದ ಲಿನಕ್ಸ್ ಕಂಪ್ಯೂಟರಿಗೂ ಅದೇ ವಾಸನೆ. ಅದರಲ್ಲಿ ದಿನದ ಕಾರ್ಯಕ್ರಮಗಳನ್ನು ಜೋಡಿಸಿಡುವುದು ನನ್ನ ಕೆಲಸ. ಕೆಟ್ಟರೆ ರಿಪೇರಿ ಗುರುಮಲ್ಲುವಿನದು. ಇವತ್ತು ಅವನು ಬಂದದ್ದು, ನಗರದ ಕಚೇರಿಯವರು ಅಲ್ಲಿಂದಲೇ ಅದನ್ನು ನಡೆಸುವಂತೆ ಮಾಡಲು.

"ಹಾಗಾದ್ರೆ ನಾನು ನಾಳೆಯಿಂದ ಬರೋ ಹಾಗಿಲ್ವಾ?"

ಅವನು ಕುರ್ಚಿ ಎಳೆದು ನನ್ನನ್ನು ಕೂರಿಸಿದ. "ಬೇಜಾರ್ ಮಾಡ್ಕೋಬೇಡಿ ಅಮ್ಮ. ನನ್ ಕೈಲೇನಿದೆ?"

"ನಿನ್ ಕೆಲ್ಸ?"

"ಮಿಷನ್ ಇರೋತನಕ ರಿಪೇರಿಯೋನು ಬೇಕಲ್ಲ."

ಅವನು ನಗರದ ಕಚೇರಿಗೆ ಫೋನ್ ಮಾಡಿ ಪಾಸ್‌ವರ್ಡ್ ಓದಿ ಹೇಳಿದ. ಮೌಸನ್ನು ಯಾರೂ ಮುಟ್ಟಿರಲಿಲ್ಲ. ಪರದೆಯ ಬಾಣ ತಾನೇ ಸರಿಯಿತು, ಕಂಪ್ಯೂಟರ್ ಬಳಸುವವರ ಪಟ್ಟಿಯನ್ನು ತೆರೆಯಿತು, ನನ್ನ ಹೆಸರನ್ನು ಅಳಿಸಿತು. ಆಮೇಲೆ ಒಂದು ಸಾಲು ಕೆಳಗಿಳಿದು ನಿಂತಿತು.

"ಸಾರ್, ಅದು ನನ್ ಹೆಸ್ರು," ಎಂದ ಗುರುಮಲ್ಲು.

"ಗೊತ್ತಪ್ಪ," ಎಂದಿತು ಫೋನಿನ ದನಿ. "ರಿಪೇರಿನೂ ಇನ್ಮೇಲೆ ಇಲ್ಲಿಂದ್ಲೇ."

ಆ ಸಾಲೂ ಅಳಿಸಿಹೋಯಿತು.

ನಾನು ಚೀಲದಿಂದ ಊಟದ ಡಬ್ಬಿ ತೆಗೆದು ಅವನ ಕೈಯಲ್ಲಿಟ್ಟೆ.