ಸದ್ದಿನ ಕೆಂಪು ವೈರು

ಮೊನ್ನೆ ಡ್ರಾಯರಿನಲ್ಲಿ ಹಳೆಯ ಕೇಬಲ್ ಬಾಕ್ಸಿನ ವೈರು ಸಿಕ್ಕಿತು. ಹಳದಿ ತುದಿ ಚಿತ್ರಕ್ಕೆ, ಕೆಂಪು ತುದಿ ಸದ್ದಿಗೆ.

ಪುರಸೈವಾಕ್ಕಂನ ನಮ್ಮ ಮನೆಗೆ ಆ ಬಾಕ್ಸು ಬಂದ ವರ್ಷ, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನಾನು ಮತ್ತು ಧಾರವಾಡದ ಅಜ್ಜಿ ಇಬ್ಬರೇ ಇರುತ್ತಿದ್ದೆವು. ಅಜ್ಜಿ ಕನ್ನಡ ಧಾರಾವಾಹಿ ಹಾಕಿಕೊಂಡು ಹತ್ತಿಬತ್ತಿ ಹೊಸೆಯುತ್ತಿದ್ದಳು. ಒಂದು ದಿನ ಚಿತ್ರವಿತ್ತು, ಸದ್ದಿರಲಿಲ್ಲ.

“ಆಕಿ ಏನಂತಾಳ, ನೋಡಿ ಹೇಳು,” ಅಂದಳು ಅಜ್ಜಿ.

“ತೆರಿಯಲೆ,” ಅಂದೆ. ಗೊತ್ತಿಲ್ಲ ಅನ್ನುವುದಕ್ಕೂ ನನ್ನ ಬಾಯಿಗೆ ತಮಿಳೇ ಬರುತ್ತಿತ್ತು.

“ಕನ್ನಡದಾಗ ಹೇಳು. ತಪ್ಪಾದ್ರೂ ನಡೀತದ.”

ತೋಚಿದಂತೆ ಮಾತು ಕಟ್ಟಿದೆ. ನಾನು ಕಟ್ಟಿದ ಮಾತಿನಲ್ಲಿ ಧಾರಾವಾಹಿಯ ಸೊಸೆ ಅತ್ತೆಗೆ, “ನಿನ್ನ ಸಾಂಬಾರು ಸರಿ ಇಲ್ಲೆ,” ಅಂದಳು. ಅಜ್ಜಿ ಬತ್ತಿ ಬಿಟ್ಟು ನಕ್ಕಳು.

ಮರುದಿನ ಕೇಬಲ್‌ನವರು ಬಂದು ಟಿವಿಯ ಹಿಂದೆ ಕೆಂಪು ವೈರನ್ನು ಒತ್ತಿದರು. ಸದ್ದು ಬಂತು. ಇಷ್ಟು ಬಿಗಿಯಾಗಿರುವುದು ತಾನಾಗಿ ಹೇಗೆ ಕಳಚಿತೋ ಎಂದು ತಮಿಳಿನಲ್ಲಿ ಗೊಣಗಿದರು. ಅಜ್ಜಿ ತಲೆ ಎತ್ತಲಿಲ್ಲ.

ಅದರ ಮಾರನೆಯ ಮಧ್ಯಾಹ್ನ ಮತ್ತೆ ಸದ್ದಿಲ್ಲ. ನಾನೇ ಹಿಂದೆ ಹೋಗಿ ನೋಡಿದೆ. ಕಳಚಿದ್ದ ಕೆಂಪು ತುದಿಗೆ ಹತ್ತಿಯ ಎಳೆ ಅಂಟಿತ್ತು.

“ಏನಾಗೇದ?” ಅಜ್ಜಿ ಕೇಳಿದಳು.

ವೈರನ್ನು ಹಾಗೇ ಬಿಟ್ಟು ಬಂದು ಅವಳ ಪಕ್ಕ ಕೂತೆ.

“ಗೊತ್ತಿಲ್ಲ ಅಜ್ಜಿ,” ಅಂದೆ.