ಹೆಸರುಗಳ ಕೆಳಗಿನ ಜಾಗ

ಕಲ್ಲು ಕೊರೆಯುವ ಧೂಳಿನ ವಾಸನೆ ಬಂದರೆ ಈಗಲೂ ನನಗೆ ಸವಣೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಣ್ಣ ಮಿಲಿಟರಿಗೆ ಆಯ್ಕೆಯಾಗಿದ್ದ. ಅವನಿಗೆ ಟ್ರಂಕು ಕೊಳ್ಳಲು ಅವ್ವ ನಮ್ಮಿಬ್ಬರನ್ನೂ ಪೇಟೆಗೆ ಕರೆದುಕೊಂಡು ಬಂದಿದ್ದಳು. ದಾರಿಯಲ್ಲಿ, ಯುದ್ಧದಲ್ಲಿ ಮಡಿದ ನಮ್ಮ ಸೀಮೆಯ ಸೈನಿಕರಿಗೆ ಸ್ಮಾರಕ ಕಟ್ಟುತ್ತಿದ್ದರು. ಎತ್ತರದ ಕಟ್ಟೆ, ಅದರ ಮೇಲೆ ತಲೆಕೆಳಗಾಗಿ ನಿಂತ ಕಲ್ಲಿನ ಬಂದೂಕು, ಮೇಲಾದ ಅದರ ಹಿಡಿಗೆ ಸಿಪಾಯಿ ಟೊಪ್ಪಿಗೆ. ಅಣ್ಣ ಖುಷಿಯಿಂದ ಹತ್ತಿರ ಹೋದ. ನಾನು ಕಟ್ಟೆಯ ಮುಂದಿನ ಕರಿಕಲ್ಲಿನ ಮೇಲೆ ಬೆರಳಾಡಿಸಿದೆ. ಕೆತ್ತಿದ ಹೆಸರುಗಳ ಅಂಚು ಇನ್ನೂ ಚೂಪಾಗಿತ್ತು. ಕೆಳಗಿನ ಅರ್ಧ ನುಣುಪಾಗಿ, ತಣ್ಣಗಿತ್ತು.

ಅವ್ವ ಓದಿದವಳಲ್ಲ. ಆದರೂ ಕಲ್ಲನ್ನು ಬಹಳ ಹೊತ್ತು ಅನುಮಾನದಿಂದ ನೋಡಿ, ಕೆತ್ತುತ್ತಿದ್ದ ಮುದಿ ಮೇಸ್ತ್ರಿಯನ್ನು ಕೇಳಿದಳು: “ಅರ್ಧ ಕಲ್ಲು ಯಾಕ ಖಾಲಿ ಬಿಟ್ಟೀರಿ?”

“ಮುಂದಿನವರಿಗೆ ಜಾಗ ಬೇಕಲ್ರಿ, ಅಕ್ಕಾರ.”

“ಮುಂದಿನವರಂದ್ರ ಯಾರು?”

ಸಣ್ಣಗೆ ಕತ್ತರಿಸಿದ ಅಣ್ಣನ ಕೂದಲು ಕಂಡು ಮೇಸ್ತ್ರಿ ಕಣ್ಣು ತಗ್ಗಿಸಿದ.

“ಅವ್ವಾ, ನಡಿ, ಬಸ್ಸು ತಪ್ಪತೈತಿ,” ಎಂದ ಅಣ್ಣ. ಅವ್ವ ಕದಲಲಿಲ್ಲ.

“ಅಲ್ಲಿ ಎಲಿಬಳ್ಳಿ ಕೆತ್ರಿ. ಜಾಗ ಪೂರಾ ತುಂಬೋಹಂಗ ಕೆತ್ರಿ,” ಎಂದಳು.

“ನನ್ನ ಕೈಯಾಗಿಲ್ರಿ. ನಕ್ಷೆ ಮ್ಯಾಲಿಂದ ಬಂದೈತಿ.”

“ಹಂಗಾರ ಒಂದರ ಎಲಿ ಕೆತ್ರಿ, ನಿಮಗ ಪುಣ್ಯ ಬರ್ತೈತಿ.”

ಮೇಸ್ತ್ರಿ ಅತ್ತಿತ್ತ ನೋಡಿ ಉಳಿ ಎತ್ತಿಕೊಂಡ. ಕೊನೆಯ ಹೆಸರಿನ ಕೆಳಗೆ, ಮುಂದಿನ ಹೆಸರು ಶುರುವಾಗಬೇಕಾದಲ್ಲೇ, ಪುಟ್ಟದೊಂದು ವೀಳ್ಯದೆಲೆ ಕೆತ್ತಿದ. ಅದು ಮುಗಿಯುವವರೆಗೂ ಅವ್ವ ಅಣ್ಣನ ಮಣಿಕಟ್ಟು ಬಿಡಲಿಲ್ಲ.